ಅಳತೆಗೆ ತಂದ ಕೋವಿ

ಬೇಟೆಯ ಪುಸ್ತಕಗಳನ್ನು ಹೆಂಗಸರು ಓದುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಮ್ಮೂರಿನ ಗ್ರಂಥಾಲಯದಲ್ಲಿ ನಾನು ಜಿಮ್ ಕಾರ್ಬೆಟ್‌ನ ಪುಸ್ತಕ ತೆಗೆದುಕೊಂಡಾಗಲೆಲ್ಲ ಅಲ್ಲಿನವರು "ಯಜಮಾನರಿಗಾ ಮೇಡಂ?" ಎಂದು ಕೇಳುತ್ತಿದ್ದರು. ನನಗೇ ಎಂದರೆ ಒಂದು ಕ್ಷಣ ನನ್ನ ಮುಖ ನೋಡಿ, ಮುದ್ರೆ ಒತ್ತಿ ಕೊಡುತ್ತಿದ್ದರು. ಅವರ ತಪ್ಪೇನೂ ಇಲ್ಲ. ಆ ಪುಸ್ತಕಗಳನ್ನು ಬರೆದವರಲ್ಲಿ ಹೆಚ್ಚಿನವರು ಗಂಡಸರು, ಅವರು ಮನಸ್ಸಿನಲ್ಲಿಟ್ಟುಕೊಂಡ ಓದುಗನೂ ಗಂಡಸೇ. ಆದರೆ ಮಧ್ಯಾಹ್ನದ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ಕುಮಾವೂನಿನ ಕಾಡಿಗೆ ಹೋಗಿಬರುವ ಹೆಂಗಸರು ನನ್ನ ಪರಿಚಯದಲ್ಲೇ ಐದಾರು ಮಂದಿ ಇದ್ದಾರೆ.

ಹೀಗೆ ಓದುತ್ತಾ ಓದುತ್ತಾ ನನ್ನ ಕಣ್ಣು ಹುಲಿಯನ್ನು ಬಿಟ್ಟು ಕೋವಿಯ ಮೇಲೆ ನೆಲೆಸತೊಡಗಿತು. ಬೇಟೆಗಾರರು ತಮ್ಮ ಕೋವಿಯ ಬಗ್ಗೆ ಬರೆಯುವಾಗ ಅವರ ಭಾಷೆಯೇ ಬದಲಾಗುತ್ತದೆ. ಹೆಂಡತಿಯ ಹೆಸರನ್ನೂ ಹೇಳದ ಲೇಖಕ ರೈಫಲಿನ ತೂಕ, ಉದ್ದ, ಮರದ ಹಿಡಿಯ ಬಣ್ಣ ಎಲ್ಲವನ್ನೂ ಹೇಳುತ್ತಾನೆ. ಅದರಲ್ಲೂ ಹಳೆಯ ಕೋವಿಯೊಂದನ್ನು ತನಗೆ ಬೇಕಾದಂತೆ ತಿದ್ದಿಸಿಕೊಂಡ ಸಂಗತಿ ಬಂದರೆ ಮುಗಿಯಿತು. ನಳಿಗೆಯನ್ನು ಎಷ್ಟು ಇಂಚು ಕತ್ತರಿಸಿದ್ದು, ಗುರಿ ನೋಡುವ ಸಾಧನವನ್ನು ತೆಗೆದು ಯಾವುದನ್ನು ಕೂರಿಸಿದ್ದು, ಇದಕ್ಕೇ ಅರ್ಧ ಅಧ್ಯಾಯ. ಇದನ್ನು ಹಾರಿಸಿ ಮುಂದೆ ಹೋಗುವ ಓದುಗರೇ ಹೆಚ್ಚು. ನನಗೆ ಮಾತ್ರ ಈ ಭಾಗದಲ್ಲೇ ಪುಸ್ತಕದ ಗುಟ್ಟು ಇದೆ ಅನ್ನಿಸುತ್ತದೆ. ದರ್ಜಿ ಬಟ್ಟೆಯ ಒಳಹೊಲಿಗೆ ನೋಡಿಯೇ ಉಟ್ಟವರ ಮೈಕಟ್ಟು ಹೇಳಬಲ್ಲನಲ್ಲ, ಹಾಗೆ ತಿದ್ದಿದ ಕೋವಿಯನ್ನು ನೋಡಿ ಅದನ್ನು ಹಿಡಿದವರು ಯಾರು, ಅವರಿಗೆ ಏನು ಬೇಕಿತ್ತು ಎಂಬುದನ್ನು ಹೇಳಬಹುದು.

ಮೊದಲು ಈ ತಿದ್ದುವ ಕೆಲಸ ಏನೆಂದು ತಿಳಿದುಕೊಳ್ಳೋಣ. ಬೇಟೆಯ ರೈಫಲುಗಳಲ್ಲಿ ಬಹಳಷ್ಟು ಹುಟ್ಟಿನಿಂದ ಬೇಟೆಯವಲ್ಲ, ಸೈನ್ಯದವು. ಜರ್ಮನರ ಹಳೆಯ ಮೌಸರ್ ರೈಫಲಿನ ನಳಿಗೆಯೊಂದೇ ಸುಮಾರು 29 ಇಂಚು. ಬ್ರಿಟಿಷರ ಲೀ-ಎನ್‌ಫೀಲ್ಡಿನದು 25 ಇಂಚಿಗಿಂತ ಸ್ವಲ್ಪ ಹೆಚ್ಚು. ತುದಿಗೆ ಬಯನೆಟ್ ಸಿಕ್ಕಿಸಿ ಇರಿಯುವುದಕ್ಕೂ ಅನುಕೂಲವಾಗಲೆಂದು ಮಾಡಿದ ಉದ್ದ ಅದು. ಅಂಥದ್ದನ್ನು ಹೊತ್ತು ಪೊದೆ ನುಗ್ಗಿದರೆ ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಕುದುರೆಯ ಮೇಲಿದ್ದರೆ ಕೊಂಬೆಗೆ ತಾಗುತ್ತದೆ. ಆದ್ದರಿಂದ ನಳಿಗೆಯನ್ನು 22 ಅಥವಾ 24 ಇಂಚಿಗೆ ಇಳಿಸುವುದು ರೂಢಿಯಾಯಿತು. ಕತ್ತರಿಸಿದ ಮೇಲೆ ತುದಿಯನ್ನು ಸುತ್ತಲೂ ಒಂದೇ ಸಮವಾಗಿ ತೀಡಬೇಕು. ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ಗುಂಡು ದಾರಿ ತಪ್ಪುತ್ತದೆ. ಸೀರೆಯ ಅಂಚು ಮಡಿಸಿ ಹೊಲಿಯದೆ ಬಿಟ್ಟರೆ ಎಳೆ ಬಿಡುತ್ತದಲ್ಲ, ಅಷ್ಟೇ ಮುಖ್ಯವಾದ ಕೆಲಸ ಇದು.

ಇನ್ನು ಗುರಿಯ ಸಾಧನ. ಇದಕ್ಕೆ ಇಂಗ್ಲಿಷಿನವರು ಸೈಟ್ ಅನ್ನುತ್ತಾರೆ. ನಮಗೆ ಸೈಟ್ ಎಂದರೆ ಮೂವತ್ತು-ನಲವತ್ತರ ನಿವೇಶನ. ಹಾಗಾಗಿ ಮೊದಲ ಸಲ ಓದಿದಾಗ ಈ ಬೇಟೆಗಾರನೇಕೆ ಕೋವಿಯ ಮೇಲೆ ಸೈಟು ಮಾಡಿದ ಎಂದು ನಗು ಬಂದಿತ್ತು. ನಳಿಗೆಯ ತುದಿಯಲ್ಲೊಂದು ಮೊನೆ, ಕಣ್ಣಿನ ಕಡೆಗೊಂದು ಕಚ್ಚು. ಕಚ್ಚಿನ ನಡುವೆ ಮೊನೆ, ಮೊನೆಯ ಮೇಲೆ ಗುರಿ, ಮೂರನ್ನೂ ಒಂದೇ ಗೆರೆಯಲ್ಲಿ ತಂದರೆ ಗುಂಡು ಅಲ್ಲಿಗೆ ಹೋಗುತ್ತದೆ. ಸೈನ್ಯದ ರೈಫಲಿನಲ್ಲಿ ಈ ಕಚ್ಚನ್ನು ಎತ್ತರಿಸಿ 2000 ಗಜದವರೆಗೂ ಗುರಿ ಹಿಡಿಯುವ ಏರ್ಪಾಡು ಇರುತ್ತಿತ್ತು. ಐವತ್ತು ಗಜದಾಚೆ ಏನೂ ಕಾಣದ ಕಾಡಿನಲ್ಲಿ ಅದರಿಂದ ಏನು ಪ್ರಯೋಜನ? ಅದನ್ನು ಕಿತ್ತು, ಕೆಲವರು ಅಗಲವಾದ ಸಾದಾ ಕಚ್ಚನ್ನು ಹಾಕಿಸಿದರು. ಕೆಲವರು ಕಣ್ಣಿಗೆ ಹತ್ತಿರವಾಗಿ ಸಣ್ಣ ತೂತಿನ ಬಿಲ್ಲೆಯನ್ನು ಕೂರಿಸಿದರು. ಕಣ್ಣು ಮಂದವಾದವರು ದುರ್ಬೀನು ಹಾಕಿಸಿದರು.

ಈ ವಿದ್ಯೆಗೆ ಅಮೆರಿಕದಲ್ಲಿ ಹೆಸರು ಬಂದದ್ದರ ಹಿಂದೆ ಒಂದು ಪುಸ್ತಕವಿದೆ. ಥಿಯೋಡರ್ ರೂಸ್‌ವೆಲ್ಟ್ ಅಧ್ಯಕ್ಷ ಪದವಿಯಿಂದ ಇಳಿದ ಕೂಡಲೇ, 1909ರಲ್ಲಿ, ಆಫ್ರಿಕಾಕ್ಕೆ ಬೇಟೆಗೆ ಹೋದ. ಆತನಿಗೆ ದೃಷ್ಟಿ ಮಂದ, ಕನ್ನಡಕವಿಲ್ಲದೆ ಆಗುತ್ತಿರಲಿಲ್ಲ. ಜೊತೆಯಲ್ಲಿ ಒಯ್ದವುಗಳಲ್ಲಿ ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲನ್ನು ಬೇಟೆಗೆ ಒಗ್ಗುವಂತೆ ಹಿಡಿ ಬದಲಿಸಿದ್ದೂ ಒಂದು. ಆತ ಬರೆದ ಪ್ರವಾಸದ ಪುಸ್ತಕವನ್ನು ನ್ಯೂಯಾರ್ಕಿನಲ್ಲಿ ಸೀಮೋರ್ ಗ್ರಿಫಿನ್ ಎಂಬ ಮರಗೆಲಸದವನು ಓದಿದ. ಕಪಾಟು, ಮೇಜು ಮಾಡುವ ಮನುಷ್ಯ. ತಾನೂ ಒಂದು ಸ್ಪ್ರಿಂಗ್‌ಫೀಲ್ಡಿಗೆ ಹೊಸ ಮರದ ಹಿಡಿ ಕೆತ್ತಿದ. ನೋಡಿದವರು ತಮಗೂ ಬೇಕೆಂದರು. 1923ರಲ್ಲಿ ಆತ ಹೌ ಎಂಬ ಪಾಲುದಾರನೊಡನೆ 'ಗ್ರಿಫಿನ್ ಅಂಡ್ ಹೌ' ಎಂಬ ಅಂಗಡಿ ತೆರೆದ. ಸೈನ್ಯದ ಒರಟು ರೈಫಲನ್ನು ಕೊಳ್ಳುವವನ ತೋಳಿನ ಉದ್ದ, ಕತ್ತಿನ ಎತ್ತರ, ಭುಜದ ಅಗಲಕ್ಕೆ ಹೊಂದುವಂತೆ ತಿದ್ದಿಕೊಡುವುದೇ ಅಂಗಡಿಯ ಕಸುಬು. ಎರಡು ಮಹಾಯುದ್ಧಗಳು ಮುಗಿದು ಸೈನ್ಯದ ರೈಫಲುಗಳು ಅಗ್ಗದ ಬೆಲೆಗೆ ಬಿಕರಿಗೆ ಬಂದಾಗ, ದುಡ್ಡಿಲ್ಲದವರು ಇದೇ ಕೆಲಸವನ್ನು ಮನೆಯ ಹಿತ್ತಲಲ್ಲಿ ಗರಗಸ ಅರ ಹಿಡಿದು ಮಾಡಿಕೊಂಡರು. ಇಂದು ಅದೇ ರೈಫಲುಗಳನ್ನು ಸಂಗ್ರಹಿಸುವವರು ಅಯ್ಯೋ, ಇತಿಹಾಸವನ್ನೇ ಕತ್ತರಿಸಿಬಿಟ್ಟರಲ್ಲ ಎಂದು ಮರುಗುತ್ತಾರೆ.

ಈ ಮರುಕದಲ್ಲಿ ನಾನು ಪಾಲುಗೊಳ್ಳಲಾರೆ. ಅಜ್ಜಿಯ ಹಳೆಯ ಇಳಕಲ್ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವವರೂ ಇದ್ದಾರೆ, ಕತ್ತರಿಸಿ ಕೌದಿ ಹೊಲಿದು ಮೊಮ್ಮಗುವನ್ನು ಮಲಗಿಸುವವರೂ ಇದ್ದಾರೆ. ನನಗೆ ಎರಡನೆಯವರೇ ಇಷ್ಟ. ಯುದ್ಧಕ್ಕೆಂದು ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ಎರೆದ ವಸ್ತುವನ್ನು ಒಬ್ಬ ಮನುಷ್ಯ ತನ್ನ ಮೈಯಳತೆಗೆ ತಂದುಕೊಂಡರೆ ಅದರಲ್ಲಿ ತಪ್ಪೇನಿದೆ? ನನ್ನ ತಕರಾರು ಬೇರೆ. ಈ ಅಳತೆ ಯಾರದು, ಅದರ ಬೆಲೆ ಯಾರು ತೆತ್ತರು ಎಂದು ಬೇಟೆಯ ಪುಸ್ತಕಗಳು ಹೇಳುತ್ತವೆಯೇ?

ಬೆಲೆ ಇದ್ದೇ ಇದೆ. ನಳಿಗೆ ಗಿಡ್ಡವಾದಷ್ಟೂ ಗುಂಡಿನ ವೇಗ ಕುಗ್ಗುತ್ತದೆ, ಇಂಚಿಗೆ ಸೆಕೆಂಡಿಗೆ ಸುಮಾರು ಇಪ್ಪತ್ತು ಮೂವತ್ತು ಅಡಿಯಷ್ಟು. ಅದು ದೊಡ್ಡ ಮಾತಲ್ಲ. ಸದ್ದು ಮತ್ತು ಬೆಂಕಿ ಹೆಚ್ಚುತ್ತವೆ, ಹಿಡಿದವರ ಕಿವಿ ಗುಂಯ್‌ಗುಡುತ್ತದೆ. ಅದೂ ಹೋಗಲಿ. ಮುಖ್ಯವಾದದ್ದು ಗುರಿ. ಹಿಂದಿನ ಕಚ್ಚಿಗೂ ತುದಿಯ ಮೊನೆಗೂ ನಡುವೆ 50 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಕಣ್ಣು ಅವೆರಡನ್ನು ಹೊಂದಿಸುವಾಗ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ನೂರು ಮೀಟರ್ ಆಚೆ ಗುಂಡು 20 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ನಳಿಗೆ ಕತ್ತರಿಸಿ ಆ ಅಂತರವನ್ನು 40ಕ್ಕೆ ಇಳಿಸಿದರೆ ಅದೇ ಒಂದು ಮಿಲಿಮೀಟರಿಗೆ 25 ಸೆಂಟಿಮೀಟರ್. ಇದು ಶಾಲೆಯ ತ್ರೈರಾಶಿಯ ಲೆಕ್ಕ. ಐದು ಸೆಂಟಿಮೀಟರ್ ಏನು ಮಹಾ ಎನ್ನಬಹುದು. ಜಿಂಕೆಯ ಎದೆಗೂ ಹೊಟ್ಟೆಗೂ ಇರುವ ವ್ಯತ್ಯಾಸ ಅದು. ಎದೆಗೆ ಬಿದ್ದರೆ ಅಲ್ಲೇ ಉರುಳುತ್ತದೆ. ಹೊಟ್ಟೆಗೆ ಬಿದ್ದರೆ ಎರಡು ದಿನ ನರಳುತ್ತದೆ. ಹೊರುವವರ ಹೆಗಲಿಗೆ ಹಗುರವಾದದ್ದರ ಭಾರ ಹೀಗೆ ಎದುರಿನ ಪ್ರಾಣಿಯ ಮೈಮೇಲೆ ಬೀಳಬಹುದು. ಅರ್ಧ ಅಧ್ಯಾಯ ಕೋವಿ ತಿದ್ದಿದ್ದನ್ನು ಬರೆದವರು ಈ ಲೆಕ್ಕವನ್ನು ಎಲ್ಲಿ ಬರೆದಿದ್ದಾರೆ ಎಂದು ಹುಡುಕುವುದು ನನಗೆ ಅಭ್ಯಾಸವಾಗಿದೆ.

ಹೀಗೆ ಹುಡುಕುತ್ತಾ ಅರ್ನೆಸ್ಟ್ ಹೆಮಿಂಗ್ವೆಯ ಬಳಿ ಬಂದೆ. ಆತ 1930ರಲ್ಲಿ ಗ್ರಿಫಿನ್ ಅಂಡ್ ಹೌ ಅವರಿಂದಲೇ ಒಂದು ಸ್ಪ್ರಿಂಗ್‌ಫೀಲ್ಡನ್ನು ಸಿದ್ಧಪಡಿಸಿಕೊಂಡವನು. 1933ರ ಕೊನೆಗೆ ಎರಡನೆಯ ಹೆಂಡತಿ ಪಾಲೀನಳ ಜೊತೆ ಪೂರ್ವ ಆಫ್ರಿಕಾಕ್ಕೆ ಬೇಟೆಗೆ ಹೋದ. ಆ ಪ್ರವಾಸದ ಕಥನ 'ಗ್ರೀನ್ ಹಿಲ್ಸ್ ಆಫ್ ಆಫ್ರಿಕಾ' 1935ರಲ್ಲಿ ಬಂತು. ಅದರಲ್ಲಿ ಹೆಂಡತಿಯ ಕೈಗೊಂದು ಮಾನ್‌ಲಿಷರ್ ಕೊಟ್ಟಿದ್ದಾರೆ. ಅವಳು ಸಿಂಹದ ಮೇಲೆ ಗುಂಡು ಹಾರಿಸುತ್ತಾಳೆ, ಸಿಂಹ ಬೀಳುತ್ತದೆ. ಅದು ಬಿದ್ದದ್ದು ಗಂಡನ ಗುಂಡಿಗೆ ಎಂಬುದು ಓದುಗರಿಗೂ ಗೊತ್ತು, ಅವಳಿಗೂ ಒಳಗೊಳಗೇ ಗೊತ್ತು. ಆದರೂ ಶಿಬಿರದವರೆಲ್ಲ ಅಮ್ಮ ಸಿಂಹ ಹೊಡೆದಳು ಎಂದು ಹಾಡಿ ಕುಣಿದು ಅವಳನ್ನು ಮೆರೆಸುತ್ತಾರೆ. ಅವಳು ಸಂತೋಷಪಡುತ್ತಾಳೆ, ಜೊತೆಗೆ ಮುಜುಗರವೂ ಆಗುತ್ತದೆ. ಮನೆಗೆ ಬಂದ ನೆಂಟರ ಮುಂದೆ "ಲೆಕ್ಕಪತ್ರವೆಲ್ಲ ಇವಳೇ ನೋಡ್ಕೊಳ್ಳೋದು" ಎಂದು ಗಂಡ ಹೇಳುವಾಗ ನಮಗಾಗುವ ಮುಜುಗರವೇ ಅದು. ಈ ಒಂದು ಪ್ರಸಂಗವನ್ನು ಹೆಮಿಂಗ್ವೆ ಬಹಳ ಪ್ರಾಮಾಣಿಕವಾಗಿ ಬರೆದಿದ್ದಾನೆ ಎಂದು ಒಪ್ಪಲೇಬೇಕು.

ಮುಂದಿನ ವರ್ಷ, 1936ರ ಸೆಪ್ಟೆಂಬರಿನಲ್ಲಿ, ಆತನ ಪ್ರಸಿದ್ಧ ಕಥೆ 'ದಿ ಶಾರ್ಟ್ ಹ್ಯಾಪಿ ಲೈಫ್ ಆಫ್ ಫ್ರಾನ್ಸಿಸ್ ಮಕೋಂಬರ್' ಪ್ರಕಟವಾಯಿತು. ಮಕೋಂಬರ್ ಶ್ರೀಮಂತ, ಹೆಂಡತಿ ಮಾರ್ಗೊ ಸುಂದರಿ, ಜೊತೆಗಿರುವ ವೃತ್ತಿಪರ ಬೇಟೆಗಾರ ವಿಲ್ಸನ್. ಮೂವರ ಕೈಯಲ್ಲೂ ಒಂದೊಂದು ಬಗೆಯ ಕೋವಿ. ಮಕೋಂಬರನದು ಸ್ಪ್ರಿಂಗ್‌ಫೀಲ್ಡ್. ವಿಲ್ಸನ್‌ನದು ಗಿಡ್ಡಗೆ ದಪ್ಪಗೆ ನೋಡಲು ಕುರೂಪವಾದ ಗಿಬ್ಸ್, ಕಾಡೆಮ್ಮೆಯನ್ನೂ ತಡೆದು ನಿಲ್ಲಿಸುವಂಥದು. ಕಾರಿನಲ್ಲಿ ಉಳಿಯುವ ಮಾರ್ಗೊಳ ಪಾಲಿಗೆ 6.5 ಮಿಲಿಮೀಟರಿನ ಮಾನ್‌ಲಿಷರ್. ಆ ಹೆಸರು ಹೇಳಿದರೆ ಆ ಕಾಲದವರ ಕಣ್ಣ ಮುಂದೆ ಬರುತ್ತಿದ್ದುದು 1903ರ ಮಾದರಿಯ ಗಿಡ್ಡ ರೈಫಲು, ನಳಿಗೆ ಕೇವಲ 45 ಸೆಂಟಿಮೀಟರ್.

ಮಕೋಂಬರ್ ಮೊದಲ ದಿನ ಸಿಂಹಕ್ಕೆ ಸರಿಯಾಗಿ ಹೊಡೆಯಲಾರದೆ ಹೊಟ್ಟೆಗೆ ಗಾಯ ಮಾಡುತ್ತಾನೆ, ಅದು ಮೈಮೇಲೆ ಬಂದಾಗ ಓಡುತ್ತಾನೆ. ಹೆಂಡತಿ ಹಂಗಿಸುತ್ತಾಳೆ, ರಾತ್ರಿ ವಿಲ್ಸನ್‌ನ ಡೇರೆಗೆ ಹೋಗುತ್ತಾಳೆ. ಮರುದಿನ ಕಾಡೆಮ್ಮೆಗಳ ಬೇಟೆಯಲ್ಲಿ ಮಕೋಂಬರನಿಗೆ ಇದ್ದಕ್ಕಿದ್ದಂತೆ ಧೈರ್ಯ ಬರುತ್ತದೆ. ಗಾಯಗೊಂಡ ಕಾಡೆಮ್ಮೆ ನುಗ್ಗಿ ಬಂದಾಗ ಕದಲದೆ ನಿಂತು ಗುಂಡು ಹಾರಿಸುತ್ತಾನೆ. ಅದು ಇನ್ನೇನು ಮೇಲೆ ಬಿತ್ತು ಅನ್ನುವಾಗ ಕಾರಿನಿಂದ ಮಾರ್ಗೊ ಹಾರಿಸಿದ ಗುಂಡು ಗಂಡನ ತಲೆಗೆ ತಾಗಿ ಆತ ಸಾಯುತ್ತಾನೆ. ಅವಳು ಬೇಕೆಂದೇ ಕೊಂದಳೇ? ಗಂಡ ಗಂಡಸಾಗಿಬಿಟ್ಟ, ಇನ್ನು ತನ್ನ ಹಿಡಿತದಲ್ಲಿ ಇರಲಾರ ಎಂದು ಕೊಂದಳು ಎಂದು ವಿಲ್ಸನ್ ಸೂಚಿಸುತ್ತಾನೆ. ದಶಕಗಳ ಕಾಲ ಎಷ್ಟೋ ವಿಮರ್ಶಕರು ಅವನ ಮಾತನ್ನೇ ನಂಬಿದರು.

ಕಥೆಯ ವಾಕ್ಯ ಏನು ಹೇಳುತ್ತದೆ ನೋಡಿ. ಅವಳು ಗುರಿಯಿಟ್ಟದ್ದು ಕಾಡೆಮ್ಮೆಗೆ ಎಂದು ನಿರೂಪಕ ನೇರವಾಗಿ ಹೇಳಿದ್ದಾನೆ. 1955ರಲ್ಲಿ ವಾರೆನ್ ಬೆಕ್ ಎಂಬ ವಿಮರ್ಶಕ ಇದನ್ನೇ ಎತ್ತಿ ತೋರಿಸಿ, ಅವಳು ಗಂಡನನ್ನು ಉಳಿಸಲು ಯತ್ನಿಸಿದಳು ಎಂದು ವಾದಿಸಿದ. ಅವನ ವಾದಕ್ಕೆ ನನ್ನ ಲೆಕ್ಕವನ್ನೂ ಸೇರಿಸುತ್ತೇನೆ. ಕಾರಿಗೂ ಕಾಡೆಮ್ಮೆಗೂ ನಡುವೆ ಮೂವತ್ತು ಮೀಟರ್ ಎಂದೇ ಇಟ್ಟುಕೊಳ್ಳಿ. ಗಿಡ್ಡ ರೈಫಲು, ಗುರಿಯ ಎರಡು ತುದಿಗಳ ನಡುವೆ 40 ಸೆಂಟಿಮೀಟರ್. ಒಂದು ಮಿಲಿಮೀಟರ್ ತಪ್ಪಿದರೆ ಗುಂಡು ಏಳೂವರೆ ಸೆಂಟಿಮೀಟರ್ ಆಚೀಚೆ. ಮನುಷ್ಯನ ತಲೆಯ ಅರ್ಧ ಅಗಲ ಹೆಚ್ಚು ಕಡಿಮೆ ಅಷ್ಟೇ. ಸಂಸಾರದ ಎಲ್ಲ ಕಹಿಯನ್ನೂ ಒಪ್ಪಿಕೊಳ್ಳೋಣ, ಡೇರೆಗೆ ಹೋದದ್ದನ್ನೂ ಒಪ್ಪಿಕೊಳ್ಳೋಣ. ಆ ಗಳಿಗೆಯಲ್ಲಿ ಗಂಡನನ್ನು ಉಳಿಸುವುದಕ್ಕೂ ಕೊಲ್ಲುವುದಕ್ಕೂ ನಡುವೆ ಇದ್ದದ್ದು ಒಂದು ಮಿಲಿಮೀಟರ್. ಅವಳ ಮನಸ್ಸನ್ನು ಬಗೆದು ನೋಡಿದ ವಿಮರ್ಶಕರು ಅವಳ ಕೈಯಲ್ಲಿದ್ದ ವಸ್ತುವನ್ನು ಅಷ್ಟಾಗಿ ನೋಡಲಿಲ್ಲ. ಹೆಂಗಸಿನ ಕೈಗೆ ಸಲಕರಣೆ ಕೊಡುವಾಗ ಹಗುರವಾಗಿದೆಯೇ ಎಂದಷ್ಟೇ ಯೋಚಿಸಿ, ಅದು ಕೈಕೊಟ್ಟಾಗ ಅವಳ ಶೀಲವನ್ನು ವಿಚಾರಣೆಗೆ ಎಳೆಯುವುದು ಆಫ್ರಿಕಾದ ಕಾಡಿಗೆ ಮಾತ್ರ ಸೀಮಿತವಾದ ರೂಢಿಯಲ್ಲ.

ಹಾಗೆಂದು ಕಥೆಯನ್ನು ತಳ್ಳಿಹಾಕುತ್ತಿಲ್ಲ. ಗಾಯಗೊಂಡ ಸಿಂಹದ ಮನಸ್ಸಿನೊಳಗೆ ಹೊಕ್ಕು, ಗುಂಡು ಹೊಟ್ಟೆಗೆ ಬಿದ್ದಾಗ ಅದಕ್ಕೆ ಏನಾಯಿತೆಂದು ಬರೆದ ಭಾಗ ಆ ಕಥೆಯಲ್ಲಿದೆ. ನಳಿಗೆಯ ಆಚೆ ತುದಿಯಿಂದ ನೋಡುವ ಆ ಪುಟ ಬೇಟೆಯ ಸಾಹಿತ್ಯದಲ್ಲೇ ಅಪರೂಪ. ಸಿಂಹಕ್ಕೆ ಕೊಟ್ಟ ಆ ಒಂದು ಪುಟವನ್ನು ಮಾರ್ಗೊಳಿಗೂ ಕೊಟ್ಟಿದ್ದರೆ ಇಷ್ಟು ವರ್ಷಗಳ ಜಗಳ ಇರುತ್ತಿರಲಿಲ್ಲ.

ನಮ್ಮವನೇ ಎನ್ನಿಸುವಷ್ಟು ಪರಿಚಿತನಾದ ಜಿಮ್ ಕಾರ್ಬೆಟ್ ಈ ವಿಷಯದಲ್ಲಿ ಬೇರೆಯ ಜಾತಿಯವನು. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆತನಿಗೆ .275 ರಿಗ್ಬಿ ರೈಫಲು ಉಡುಗೊರೆ ಕೊಟ್ಟ. ಹುಲಿಬೇಟೆಗೆ ಸಣ್ಣದೆನ್ನಿಸುವ ಕೋವಿ ಅದು. 1930ರ ಏಪ್ರಿಲಿನಲ್ಲಿ ಚೌಗಢದ ಹುಲಿಯ ಎದುರಿಗೆ ಕೆಲವೇ ಅಡಿ ದೂರದಲ್ಲಿ ಸಿಕ್ಕಿಬಿದ್ದಾಗ ಕಾರ್ಬೆಟ್‌ನ ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆಗಳಿದ್ದವು. ಬಲಗೈ ಒಂದರಲ್ಲೇ ರೈಫಲನ್ನು ನಿಧಾನವಾಗಿ, ಹುಲಿಗೆ ಕದಲಿಕೆ ತಿಳಿಯದಂತೆ ತಿರುಗಿಸಿ ಹೊಡೆದ. ಅದು ಹಗುರವಾದ ರೈಫಲಾಗಿರದಿದ್ದರೆ ಆ ಪುಸ್ತಕ ನಮ್ಮ ಕೈಗೆ ಬರುತ್ತಿತ್ತೇ? ಅವನ ಇನ್ನೊಂದು ಭಾರವಾದ ಜೋಡುನಳಿಗೆಯ ಕೋವಿಯನ್ನು ಒಂದೇ ಕೈಯಲ್ಲಿ ಹಾಗೆ ತಿರುಗಿಸುವುದನ್ನು ನನಗೆ ಊಹಿಸಲಾಗದು. ಅದಕ್ಕೂ ನಾಲ್ಕು ವರ್ಷ ಮೊದಲು, 1926ರ ಮೇ ತಿಂಗಳ ಕತ್ತಲ ರಾತ್ರಿ, ಎಂಟು ವರ್ಷಗಳಲ್ಲಿ 125 ಜನರನ್ನು ತಿಂದ ರುದ್ರಪ್ರಯಾಗದ ಚಿರತೆಯನ್ನು ಕೊಂದದ್ದು ರೈಫಲಿಗೆ ಬ್ಯಾಟರಿ ದೀಪ ಕಟ್ಟಿಕೊಂಡು. ಬೆಳಕು ಬಿದ್ದ ಕ್ಷಣ ಗುಂಡು ಹಾರಿತು, ದೀಪ ಕೆಟ್ಟುಹೋಯಿತು. ಇದೂ ಗುರಿಯ ಸಾಧನವನ್ನು ಬದಲಿಸಿಕೊಂಡದ್ದೇ. ಆದರೆ ಕಾರ್ಬೆಟ್ ಇದನ್ನು ಜಂಬದಿಂದ ಬರೆಯುವುದಿಲ್ಲ. ದೀಪ ಕೆಟ್ಟ ಮೇಲೆ ಗುಂಡು ತಾಗಿತೋ ಇಲ್ಲವೋ ತಿಳಿಯದೆ ಮರದ ಮೇಲೆ ಬೆಳಗಿನವರೆಗೆ ಕೂತ ಹೊತ್ತನ್ನು ಬರೆಯುತ್ತಾನೆ. ಹುಲಿಯ ಬದಲು ಅದರ ಬೆಳೆದ ಮರಿಯನ್ನು ಹೊಡೆದದ್ದನ್ನೂ ಬರೆಯುತ್ತಾನೆ. ಒಳ್ಳೆಯ ಬೇಟೆಯ ಪುಸ್ತಕಕ್ಕೆ ನನ್ನ ಮೊದಲ ಪರೀಕ್ಷೆ ಇದು: ತಪ್ಪಿದ ಗುಂಡಿನ ಲೆಕ್ಕ ಅದರಲ್ಲಿ ಇರಬೇಕು.

ಈ ಭಾರತದಲ್ಲಿ ಕೋವಿಯ ಅಳತೆಯನ್ನು ತೀರ್ಮಾನಿಸಿದ್ದು ಮೈಗಿಂತ ಹೆಚ್ಚಾಗಿ ಕಾನೂನು. ಸೈನ್ಯದ ಗುಂಡು ಜನರ ಕೋವಿಗೆ ಹೊಂದಬಾರದೆಂದು ಬ್ರಿಟಿಷರು .303ರಂಥ ಸೈನ್ಯದ ಅಳತೆಗಳನ್ನು ಖಾಸಗಿಯವರಿಗೆ ನಿಷೇಧಿಸಿದರು. ಬಂಡಾಯವಾದೀತೆಂಬ ಭಯ. ಹೀಗೆ ಲೀ-ಎನ್‌ಫೀಲ್ಡಿನ ಮೈಕಟ್ಟನ್ನೇ ಉಳಿಸಿಕೊಂಡು ಬೇರೆ ಗುಂಡು ಹಿಡಿಯುವ .315 ರೈಫಲು ಬಂಗಾಳದ ಇಷಾಪುರದ ಕಾರ್ಖಾನೆಯಿಂದ ಬಂತು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯೂ ಆ ಭಯವನ್ನು ಉಳಿಸಿಕೊಂಡಿತು. ಅದರ 6ನೇ ಕಲಮಿನಂತೆ ಪರವಾನಗಿಯಿಲ್ಲದೆ ಕೋವಿಯ ನಳಿಗೆಯನ್ನು ಗಿಡ್ಡ ಮಾಡುವುದು ಅಪರಾಧ. ಕಾರಣ ಸುಲಭ, ಗಿಡ್ಡ ಕೋವಿ ಕಂಬಳಿಯೊಳಗೆ ಅಡಗುತ್ತದೆ. ಅಮೆರಿಕದಲ್ಲೂ 1934ರ ಕಾನೂನು ರೈಫಲಿನ ನಳಿಗೆ 18 ಇಂಚಿಗಿಂತ ಕಡಿಮೆಯಾದರೆ ನೋಂದಣಿ ಆಗಬೇಕೆಂದಿತು. 1960ರಲ್ಲಿ ಅದನ್ನು 16 ಇಂಚಿಗೆ ಇಳಿಸಿದರು. ಗರಗಸ ಅದೇ, ಕಬ್ಬಿಣ ಅದೇ. ಒಂದೆರಡು ಇಂಚು ಹೆಚ್ಚು ಕತ್ತರಿಸಿದರೆ ಕಾಡಿನ ಸಾಧನ ಊರಿನ ಸಾಧನವಾಗುತ್ತದೆ, ಗುರಿ ಪ್ರಾಣಿಯಿಂದ ಮನುಷ್ಯನ ಕಡೆಗೆ ತಿರುಗುತ್ತದೆ. ಕೋವಿ ತಿದ್ದುವುದನ್ನು ಬರೀ ಕುಶಲಕಲೆಯೆಂದು ಹೊಗಳುವ ಪುಸ್ತಕಗಳು ಈ ಮಾತನ್ನು ಮರೆತುಬಿಡುತ್ತವೆ.

ಇನ್ನು ನಮ್ಮ ಕನ್ನಡದ ಕಾಡಿಗೆ ಬರೋಣ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರದು, ಮಕೋಂಬರ್ ಕಥೆ ಬಂದ ವರ್ಷವೇ. ಅಲ್ಲಿ, ಮತ್ತು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ, ಕೋವಿ ಯಾರೊಬ್ಬರ ಮೈಯಳತೆಗೂ ಹೊಲಿದದ್ದಲ್ಲ. ಅದು ಮನೆಯದು. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿದರೆ ತುಳುನಾಡಿನ ಬೇಟೆಯ ಲೋಕವೇ ತೆರೆಯುತ್ತದೆ. ಬೆಂಗಳೂರಿನಲ್ಲಿ ಬದುಕಿದ ಕೆನೆತ್ ಆಂಡರ್ಸನ್ (1910–1974) ತನ್ನ .405 ವಿಂಚೆಸ್ಟರ್ ಹಿಡಿದು ಅಲೆದ ಕಾಡನ್ನು ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯಲ್ಲಿ ನಮ್ಮದೇ ಮಾತಿಗೆ ತಂದುಕೊಟ್ಟಿದ್ದಾರೆ. ಅಂದ ಹಾಗೆ, ರೂಸ್‌ವೆಲ್ಟ್ ಆಫ್ರಿಕಾದಲ್ಲಿ ಸಿಂಹಕ್ಕೆ ಬಳಸಿದ್ದೂ ಇದೇ .405. ಅನುವಾದವೂ ಒಂದು ಬಗೆಯ ತಿದ್ದುವಿಕೆಯೇ. ಉದ್ದವಾದದ್ದನ್ನು ಮೊಟಕುಗೊಳಿಸಿ, ನೋಟವನ್ನು ನಮ್ಮ ಕಣ್ಣಿಗೆ ಹೊಂದಿಸಿದ ತೇಜಸ್ವಿಯವರ ಕೈಚಳಕ ದೊಡ್ಡದು. ಬಿಳಿಯ ದೊರೆಯ ಠೀವಿ ಕಳೆದು, ಕಾಡು ಮತ್ತು ಕಾಡಿನ ಜನ ಉಳಿದರು.

ಆದರೆ ಈ ಎಲ್ಲ ಪುಸ್ತಕಗಳಲ್ಲೂ ಬೇಟೆಯಾದ ಮೇಲೆ ಅಡುಗೆಮನೆಯಲ್ಲಿ ಏನಾಯಿತೆಂದು ಹುಡುಕಿದರೆ ನನಗೆ ಸಿಕ್ಕಿದ್ದು ಕಡಿಮೆ. ನಮ್ಮ ತವರಿನ ಕಡೆ ಹಂದಿ ಬಿದ್ದರೆ "ಕೋವಿಗೊಂದು ಪಾಲು, ನಾಯಿಗೊಂದು ಪಾಲು" ಎಂದು ಹೇಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ರಾತ್ರಿ ಹನ್ನೊಂದಕ್ಕೆ ಒಲೆ ಹೊತ್ತಿಸಿ ಮಸಾಲೆ ಅರೆದವರಿಗೆ ಪ್ರತ್ಯೇಕ ಪಾಲಿನ ಮಾತು ಇರಲಿಲ್ಲ. ನಮ್ಮ ದೊಡ್ಡತ್ತೆ ಮಾಂಸ ತೊಳೆಯುವಾಗ ಬೆರಳಿಗೆ ಸಿಕ್ಕಿದ ಸೀಸದ ಚೂರುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. "ನೋಡೇ ಮಗಾ, ನಿಮ್ಮ ಮಾವ ಎಷ್ಟು ಈಡು ತಪ್ಪಿಸಿದಾರೆ ಅಂತ" ಎನ್ನುತ್ತಿದ್ದರು. ಜಗಲಿಯಲ್ಲಿ ಒಂದೇ ಈಡಿಗೆ ಬಿತ್ತು ಎಂಬ ಕಥೆ ನಡೆಯುತ್ತಿರುತ್ತಿತ್ತು. ಒಳಗೆ ತಟ್ಟೆಯಂಚಿನಲ್ಲಿ ನಿಜವಿರುತ್ತಿತ್ತು. ಬೇಟೆಯ ಸಾಹಿತ್ಯವನ್ನು ವಿಮರ್ಶಿಸುವವರಿಗೆ ಆ ತಟ್ಟೆಯಷ್ಟು ಒಳ್ಳೆಯ ಆಧಾರ ಬೇರೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ಬೇಟೆ ಅಪರಾಧವಾಯಿತು. ಆಗಬೇಕಾದದ್ದೇ. ಆದರೆ ತಟ್ಟೆಯ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಹೆಂಗಸು ತಾನೇ ಕೋವಿ ಹಿಡಿದು, ತಾನೇ ಬರೆದರೆ ಹೇಗಿರುತ್ತದೆ? ಅದಕ್ಕೆ ವಿವಿಯನ್ ದ ವಾಟ್‌ವಿಲ್ ಇದ್ದಾಳೆ. 1900ರಲ್ಲಿ ಹುಟ್ಟಿದವಳು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯಕ್ಕೆ ಪ್ರಾಣಿಗಳನ್ನು ಸಂಗ್ರಹಿಸಲು ತಂದೆಯ ಜೊತೆ 1923ರಲ್ಲಿ ಆಫ್ರಿಕಾಕ್ಕೆ ಹೋದಳು. 1924ರಲ್ಲಿ ಸಿಂಹದಿಂದ ಗಾಯಗೊಂಡ ತಂದೆ ಶಿಬಿರದಲ್ಲೇ ಪ್ರಾಣ ಬಿಟ್ಟ. ಇಪ್ಪತ್ತನಾಲ್ಕರ ಹುಡುಗಿ ವಾಪಸು ಹೊರಡಲಿಲ್ಲ. ಆಳುಕಾಳುಗಳನ್ನು ಸಂಭಾಳಿಸಿ, ಕೋವಿ ಹೆಗಲಿಗೇರಿಸಿ, ಉಳಿದ ಕೆಲಸ ಮುಗಿಸಿದಳು. 1927ರಲ್ಲಿ 'ಔಟ್ ಇನ್ ದ ಬ್ಲೂ' ಬರೆದಳು. ಆಮೇಲೆ ಮತ್ತೆ ಅದೇ ನಾಡಿಗೆ ಹೋದಳು, ಆದರೆ ಈ ಸಲ ಆನೆಗಳನ್ನು ಕ್ಯಾಮೆರಾದಲ್ಲಿ ಹಿಡಿಯಲು. ಆ ಅನುಭವದ ಪುಸ್ತಕ 'ಸ್ಪೀಕ್ ಟು ದಿ ಅರ್ತ್' 1935ರಲ್ಲಿ, ಹೆಮಿಂಗ್ವೆಯ 'ಗ್ರೀನ್ ಹಿಲ್ಸ್' ಬಂದ ವರ್ಷವೇ, ಪ್ರಕಟವಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಒಬ್ಬನಿಗೆ ಕೊಂಬು ಎಷ್ಟು ಇಂಚು ಎಂಬ ಚಿಂತೆ, ಜೊತೆಗಾರನ ಕೊಂಬು ತನ್ನದಕ್ಕಿಂತ ಉದ್ದವಾಯಿತೆಂಬ ಹೊಟ್ಟೆಕಿಚ್ಚು. ಇನ್ನೊಬ್ಬಳು ಆನೆಯ ಹತ್ತಿರಕ್ಕೆ ಗಾಳಿ ನೋಡಿಕೊಂಡು, ಉಸಿರು ಬಿಗಿಹಿಡಿದು ಹೋಗುತ್ತಾಳೆ. ಅದೇ ಬೇಟೆಗಾರ್ತಿಯ ವಿದ್ಯೆ, ಅದೇ ಎಚ್ಚರ. ಕೈಯಲ್ಲಿರುವ ಸಾಧನ ಬೇರೆಯಾದ್ದರಿಂದ ಆನೆ ಉಳಿಯುತ್ತದೆ, ಪುಸ್ತಕವೂ ಉಳಿಯುತ್ತದೆ. ಗುರಿಯ ಸಾಧನವನ್ನು ಬದಲಿಸಿಕೊಂಡವರಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಇವಳನ್ನೇ.

ಕೆಲವು ಗೆಳತಿಯರು ಕೇಳಬಹುದು, ಕೊಲ್ಲುವ ವಸ್ತುವಿನ ಬಗ್ಗೆ ನಮಗೇಕೆ ಇಷ್ಟು ಮಾತು ಎಂದು. ಕೊಡಗಿನಲ್ಲಿ ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೆಂಗಸರೂ ನಿಲ್ಲುತ್ತಾರೆ, ಚೆನ್ನಾಗಿಯೇ ಹೊಡೆಯುತ್ತಾರೆ. ಗಂಡಸಿನ ತೋಳಿಗೆ ಅಳೆದ ಉದ್ದ ಹಿಡಿಯ ಕೋವಿ ಅವರ ಕೈಗೆ ಬಂದರೆ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಹಿಂದೊದೆತಕ್ಕೆ ಭುಜ ನೀಲಿಗಟ್ಟುತ್ತದೆ. ಅದಕ್ಕೂ ಅವರ ಧೈರ್ಯಕ್ಕೂ ಸಂಬಂಧವಿಲ್ಲ. ಅಡುಗೆಕಟ್ಟೆಯ ಎತ್ತರ, ಬಸ್ಸಿನ ಮೇಲಿನ ಹಿಡಿ, ಬ್ಯಾಂಕಿನ ಕಿಟಕಿ, ಇವೆಲ್ಲ ಯಾರ ಅಳತೆಗೆ ಮಾಡಿದ್ದು ಎಂದು ಕೇಳಿಕೊಂಡವರಿಗೆ ಕೋವಿಯ ಅಳತೆಯ ಮಾತು ಹೊಸದೇನೂ ಅನ್ನಿಸದು. ನಮಗೂ ಕೋವಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಪುಸ್ತಕಗಳನ್ನು ಓದುವಾಗ, ಮೆಚ್ಚುವಾಗ, ಪಾತ್ರಗಳ ಮೇಲೆ ತೀರ್ಪು ಕೊಡುವಾಗ, ಅವರ ಕೈಗೆ ಯಾರು ಏನನ್ನು ಕೊಟ್ಟಿದ್ದರು ಎಂದು ಒಮ್ಮೆ ನೋಡೋಣ ಎನ್ನುತ್ತೇನೆ, ಅಷ್ಟೇ.

ಮುಂದಿನ ಸಲ ಬೇಟೆಯ ಪುಸ್ತಕವೊಂದು ಕೈಗೆ ಸಿಕ್ಕಿದರೆ ಕೋವಿಯ ವಿವರದ ಪುಟವನ್ನು ಹಾರಿಸಬೇಡಿ. ನಳಿಗೆಯ ಇಂಚುಗಳನ್ನು ಬರೆದವನು ಎದುರಿಗಿದ್ದ ಪ್ರಾಣಿಯ ನೋವನ್ನೂ ಬರೆದಿದ್ದಾನೆಯೇ, ಪಕ್ಕದಲ್ಲಿದ್ದ ಹೆಂಗಸಿನ ಮಾತನ್ನೂ ಕೇಳಿಸಿಕೊಂಡಿದ್ದಾನೆಯೇ ಎಂದು ನೋಡಿ. ಬರೆದಿದ್ದರೆ ಮನೆಗೆ ತನ್ನಿ, ಮಕ್ಕಳಿಗೂ ಓದಿ ಹೇಳಿ. ಇಲ್ಲದಿದ್ದರೆ ಅಲ್ಲೇ ಕಪಾಟಿನಲ್ಲಿ ಬಿಟ್ಟು ಬೇರೊಂದನ್ನು ಆರಿಸಿಕೊಳ್ಳಿ.